ಶೇಡ್ ಕಾರ್ಡಿನಲ್ಲಿ ಕಾಣದ ಬಣ್ಣ

ಹಬ್ಬ ಹತ್ತಿರ ಬಂತೆಂದರೆ ಹಿಂದೆ ಊರ ಮನೆಗಳಲ್ಲಿ ಸುಣ್ಣ ಬಳಿಯುವ ಕೆಲಸ ಶುರುವಾಗುತ್ತಿತ್ತು. ನೆನೆದು ಅರಳಿದ ಸುಣ್ಣವನ್ನು ಸೋಸಿ, ಬಳಿಯುವ ಮುಂಚೆ ಅದಕ್ಕೆ ಚೂರು ನೀಲಿ ಬೆರೆಸುತ್ತಿದ್ದರು. ಬಿಳಿ ಬಟ್ಟೆಗೆ ಹಾಕುವ ಅದೇ ನೀಲಿ. ಸುಣ್ಣದಲ್ಲಿ ಸಹಜವಾಗಿರುವ ನಸುಹಳದಿಯನ್ನು ಅದು ಮುರಿಯುತ್ತದೆ, ಗೋಡೆ ಬೆಳ್ಳಗೆ ಹೊಳೆಯುತ್ತದೆ. ಲೆಕ್ಕಕ್ಕೆ ನೋಡಿದರೆ ನೀಲಿ ಬೆರೆತ ಸುಣ್ಣ ಹಿಂದಿರುಗಿಸುವ ಬೆಳಕು ಒಂದಿಷ್ಟು ಕಡಿಮೆಯೇ. ಆದರೂ ಕಣ್ಣಿಗೆ ಅದೇ ಹೆಚ್ಚು ಬಿಳಿ. ಒಂದು ಬಣ್ಣದ ದೋಷವನ್ನು ಅದರ ಎದುರು ಬಣ್ಣದಿಂದ, ಅದೂ ಹದವರಿತು, ತಿದ್ದುವ ಈ ಕೈಚಳಕವನ್ನು ಯಾರೂ ಪುಸ್ತಕ ಓದಿ ಕಲಿತಿರಲಿಲ್ಲ.

ಅಡುಗೆಮನೆಯನ್ನು ಹೊಸದಾಗಿ ಮಾಡಿಸಲು ಹೊರಟವರಿಗೆ ಈ ವಿದ್ಯೆ ಇಂದು ಇನ್ನಷ್ಟು ಬೇಕಾಗಿದೆ. ಅಂಗಡಿಯ ಶೇಡ್ ಕಾರ್ಡಿನಲ್ಲಿ ಸಾವಿರಕ್ಕೂ ಮಿಕ್ಕಿ ಬಣ್ಣಗಳಿವೆ. ಟಿಂಟಿಂಗ್ ಮೆಷಿನ್ ಐದೇ ನಿಮಿಷದಲ್ಲಿ ಅವುಗಳಲ್ಲಿ ಯಾವುದನ್ನು ಬೇಕಾದರೂ ಬೆರೆಸಿ ಕೊಡುತ್ತದೆ. ಆದರೆ ಗೋಡೆಗೆ ಬಂದ ಮೇಲೆ ದೂರು ಎಲ್ಲ ಮನೆಗಳಲ್ಲೂ ಒಂದೇ. ಕಾರ್ಡಿನಲ್ಲಿ ಕೆನೆಯಂತಿದ್ದದ್ದು ಗೋಡೆಯಲ್ಲಿ ಹಳದಿಯಾಗಿದೆ; ತಿಳಿ ಬೂದು ಎಂದು ಆರಿಸಿದ್ದರಲ್ಲಿ ನೀಲಿ ಇಣುಕುತ್ತಿದೆ; ಬಿಸ್ಕತ್ ಬಣ್ಣ ಗುಲಾಬಿಗೆ ತಿರುಗಿದೆ. ಇಂಥ ಹೊತ್ತಿನಲ್ಲಿ ಪೇಂಟರನ್ನೋ ಅಂಗಡಿಯವನನ್ನೋ ದೂರುವುದು ಸುಲಭ. ಬಹಳಷ್ಟು ಸಲ ಇಬ್ಬರದ್ದೂ ತಪ್ಪಿರುವುದಿಲ್ಲ. ಕಾರ್ಡಿನ ಚೂರಿನಲ್ಲಿ ಬಣ್ಣದ ಅರ್ಧ ಮಾತ್ರ ಇರುತ್ತದೆ. ಉಳಿದರ್ಧವನ್ನು ಆ ಅಡುಗೆಮನೆಯ ಬೆಳಕು, ಕಲ್ಲು, ಕಪಾಟು, ಕೊನೆಗೆ ಕಿಟಕಿಯಾಚೆಯ ತೆಂಗಿನ ಮರವೂ ಸೇರಿ ಮಾಡುತ್ತವೆ.

ಹಾಗಾಗಿ ಮೊದಲು ಸರಿಪಡಿಸಬೇಕಾದದ್ದು ಆಯ್ಕೆಯ ಅನುಕ್ರಮ. ಹೊಸ ಅಡುಗೆಮನೆಯ ಕನಸು ಸಾಮಾನ್ಯವಾಗಿ ಗೋಡೆಯ ಬಣ್ಣದಿಂದಲೇ ಹುಟ್ಟುತ್ತದೆ, ಅದೇ ಮೊದಲು ನಿಶ್ಚಯವಾಗಿಬಿಡುತ್ತದೆ. ಆಗಬೇಕಾದದ್ದು ಇದಕ್ಕೆ ತದ್ವಿರುದ್ಧ. ಕಟ್ಟೆಯ ಗ್ರಾನೈಟು ಗಣಿಯಲ್ಲಿ ಸಿಕ್ಕ ಬಣ್ಣದ್ದೇ ಆಗಿರಬೇಕು. ಟೈಲ್ಸು, ಕಪಾಟಿನ ಲ್ಯಾಮಿನೇಟು ಕಾರ್ಖಾನೆ ಒದಗಿಸಿದಷ್ಟೇ ಬಗೆಗಳಲ್ಲಿ ಬರುತ್ತವೆ. ಬೇಕಾದ ಛಾಯೆಗೆ ಬೇಕಾದಷ್ಟು ಬಾಗುವ ವಸ್ತು ಇಡೀ ಅಡುಗೆಮನೆಯಲ್ಲಿ ಪೇಂಟ್ ಒಂದೇ, ಮತ್ತು ಬದಲಿಸಲು ಅತಿ ಕಡಿಮೆ ಖರ್ಚಿನದೂ ಅದೇ. ಆದ್ದರಿಂದ ಅದನ್ನು ಎಲ್ಲಕ್ಕಿಂತ ಕೊನೆಗೆ ಆರಿಸುವುದೇ ಜಾಣತನ. ಕಲ್ಲು ಕೂತು, ಟೈಲ್ಸ್ ಅಂಟಿ, ಕಪಾಟಿನ ಲ್ಯಾಮಿನೇಟಿನ ತುಂಡು ಕೈಗೆ ಬಂದ ಮೇಲೆ ಶೇಡ್ ಕಾರ್ಡ್ ಬಿಚ್ಚಿದರೆ ಮುಕ್ಕಾಲು ಗೊಂದಲ ಅಲ್ಲೇ ಕಳೆಯುತ್ತದೆ.

ನೆರೆಯ ಬಣ್ಣ ಎಷ್ಟು ಪ್ರಭಾವ ಬೀರುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ತೋರಿಸಿಕೊಟ್ಟವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರೋಲ್. 1824ರಲ್ಲಿ ಆತ ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಯ ಮುಖ್ಯಸ್ಥನಾದ. ಅಲ್ಲಿನ ಕಪ್ಪು ನೂಲಿಗೆ ಕಸುವಿಲ್ಲ, ನೀಲಿ ಮತ್ತು ನೇರಳೆಯ ನೇಯ್ಗೆಯ ನಡುವೆ ಅದು ಮಂಕಾಗಿ ಕಾಣುತ್ತದೆ ಎಂಬ ದೂರು ಆತನ ಮುಂದೆ ಬಂತು. ಬಣ್ಣವನ್ನು ಪರೀಕ್ಷಿಸಿದರೆ ಅದರಲ್ಲಿ ಏನೂ ಕೊರತೆಯಿರಲಿಲ್ಲ. ಪಕ್ಕದ ನೀಲಿ, ನೇರಳೆಗಳೇ ಕಪ್ಪನ್ನು ಕೆಡಿಸಿ ತೋರಿಸುತ್ತಿದ್ದವು. ಜೊತೆಗಿಟ್ಟ ಎರಡು ಬಣ್ಣಗಳು ಒಂದನ್ನೊಂದು ತಮ್ಮ ಎದುರು ಬಣ್ಣದ ಕಡೆಗೆ ತಳ್ಳುತ್ತವೆ ಎಂಬ ಈ ನಿಯಮವನ್ನು ಆತ 1839ರಲ್ಲಿ ದೊಡ್ಡ ಗ್ರಂಥವಾಗಿಯೇ ಪ್ರಕಟಿಸಿದ.

ಕರ್ನಾಟಕದ ಅಡುಗೆಮನೆಗಳಲ್ಲಿ ಶೆವ್ರೋಲ್‌ನ ನಿಯಮ ದಿನವೂ ಕಣ್ಣಿಗೆ ಬೀಳುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟಿನ ಕಟ್ಟೆಯ ಹಿಂದೆ ಶುದ್ಧ ಬೂದು ಬಳಿದರೆ ಆ ಬೂದು ಬಣ್ಣದಲ್ಲಿ ಹಸಿರಿನ ಛಾಯೆ ಮೂಡುತ್ತದೆ. ಹಸಿರು ಟೈಲ್ಸಿನ ಪಕ್ಕ ಅದೇ ಬೂದು ಗುಲಾಬಿಯತ್ತ ವಾಲುತ್ತದೆ. ಕಡಪ ಕಲ್ಲು ಅಥವಾ ಚಾಮರಾಜನಗರದ ಕರಿಗ್ರಾನೈಟು ಇದ್ದಲ್ಲಿ ಯಾವ ತಿಳಿ ಬಣ್ಣವೂ ಇನ್ನಷ್ಟು ತಿಳಿಯಾಗಿ, ಕೆಲವೊಮ್ಮೆ ಸಪ್ಪೆಯಾಗಿ ಕಾಣುತ್ತದೆ. ಹಳೆಯ ಮನೆಗಳ ಕಾವಿ ನೆಲದ ಅಡುಗೆಮನೆಗೆ ಹಸಿರು ಮಿಶ್ರಿತ ಬಿಳುಪು ಅಷ್ಟು ಚೆನ್ನಾಗಿ ಒಪ್ಪುವುದೂ ಇದೇ ಕಾರಣಕ್ಕೆ: ನೆಲದ ಕೆಂಪು ಗೋಡೆಯ ಹಸಿರನ್ನು, ಗೋಡೆಯ ಹಸಿರು ನೆಲದ ಕೆಂಪನ್ನು ಎತ್ತಿ ಹಿಡಿಯುತ್ತವೆ.

ಚಿತ್ರಕಾರ ಕ್ಲೋದ್ ಮೊನೆ ಈ ಎದುರು ಬಣ್ಣಗಳ ನಂಟನ್ನು ತನ್ನ ಮನೆಯಲ್ಲೇ ದುಡಿಸಿಕೊಂಡ. 1883ರಿಂದ ಆತ ನೆಲೆಸಿದ್ದ ಜಿವರ್ನಿ ಹಳ್ಳಿಯ ಮನೆಯ ಊಟದ ಕೋಣೆ ಪೂರ್ತಿ ಹಳದಿ. ಗೋಡೆ, ಕಪಾಟು, ಕುರ್ಚಿ ಎಲ್ಲವೂ. ಒತ್ತಿನಲ್ಲೇ ಇರುವ ಅಡುಗೆಮನೆಗೆ ನೀಲಿ ಮತ್ತು ಬಿಳಿಯ ಟೈಲ್ಸು. ನಡುವಿನ ಬಾಗಿಲು ತೆರೆದರೆ ಹಳದಿಯ ಚೌಕಟ್ಟಿನೊಳಗೆ ನೀಲಿ. ಇಂದಿಗೂ ಪ್ರವಾಸಿಗರು ಆ ಬಾಗಿಲಲ್ಲಿ ನಿಂತು ನೋಡುತ್ತಾರೆ. ಅಡುಗೆಮನೆಯ ಬಣ್ಣವನ್ನು ಅದರ ಪಕ್ಕದ ಕೋಣೆಯಿಂದ ನೋಡಿ ಆರಿಸಬೇಕೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಹಾಲ್ ಮತ್ತು ಅಡುಗೆಮನೆಯ ನಡುವೆ ಗೋಡೆಯೇ ಇಲ್ಲದಿರುವಾಗಲಂತೂ ಈ ಎಚ್ಚರ ಬೇಕೇ ಬೇಕು.

ಇನ್ನು ಬೆಳಕು. ಮನೆಯಲಂಕಾರದ ಪಾಶ್ಚಾತ್ಯ ಪುಸ್ತಕಗಳು ಉತ್ತರದ ಕಿಟಕಿಯ ಬೆಳಕು ಯಾವಾಗಲೂ ನೀಲಿ ಮಿಶ್ರಿತ, ತಣ್ಣನೆಯದು ಎನ್ನುತ್ತವೆ. ಲಂಡನ್ನಿಗೋ ನ್ಯೂಯಾರ್ಕಿಗೋ ಅದು ಬಹುಮಟ್ಟಿಗೆ ಸರಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಉತ್ತರದ ಕಿಟಕಿಗೂ ಆ ತಿಂಗಳುಗಳಲ್ಲಿ ನೇರ ಬಿಸಿಲು ಸೋಕಬಹುದು. ಆ ಪುಸ್ತಕಗಳ ಸೂತ್ರವನ್ನು ಇಲ್ಲಿಗೆ ಹಾಗೆಯೇ ತಂದರೆ ಲೆಕ್ಕ ತಪ್ಪುತ್ತದೆ.

ನಮ್ಮಲ್ಲಿ ಇನ್ನೊಂದು ಸಂಗತಿಯೂ ಇದೆ. ವಾಸ್ತು ನೋಡಿ ಕಟ್ಟಿಸಿದ ಮನೆಗಳಲ್ಲಿ ಅಡುಗೆಮನೆ ಆಗ್ನೇಯದಲ್ಲಿರುತ್ತದೆ, ಅಡುಗೆ ಮಾಡುವವರು ಪೂರ್ವಕ್ಕೆ ಮುಖ ಮಾಡಿ ನಿಲ್ಲುವಂತೆ ಕಟ್ಟೆ ಇರುತ್ತದೆ. ಅಂದರೆ ಕಾಫಿ ಇಳಿಸುವ ಹೊತ್ತಿಗೆ ಹೊಂಬಿಸಿಲು, ಮಧ್ಯಾಹ್ನದ ಬಳಿಕ ನೆರಳು, ಸಂಜೆ ಆರರ ನಂತರ ಪೂರ್ತಿ ಟ್ಯೂಬ್‌ಲೈಟು. ಹೊಂಬಿಸಿಲು ಗೋಡೆಯ ಹಳದಿಯನ್ನು ಉಕ್ಕಿಸುತ್ತದೆ. ಬೆಳಗ್ಗೆ ಎಂಟಕ್ಕೆ ನೋಡಿ ಆರಿಸಿದ ಕೆನೆ ಬಣ್ಣ ರಾತ್ರಿ ಎಂಟಕ್ಕೆ ಬೇರೆಯೇ ಆಗಿರುತ್ತದೆ. ಆಗ್ನೇಯಕ್ಕೆ ಅಗ್ನಿಯ ಬಣ್ಣವೇ ಬೇಕು, ಕೆಂಪೋ ಕೇಸರಿಯೋ ಇರಲಿ ಎನ್ನುವ ಹಿರಿಯರ ಆಸೆಯಿದ್ದರೆ ಅದಕ್ಕೂ ದಾರಿಯಿದೆ. ನಾಲ್ಕೂ ಗೋಡೆಗೆ ಬಳಿದರೆ ಸಣ್ಣ ಕೋಣೆಯಲ್ಲಿ ಅದು ಉರಿಯುತ್ತದೆ. ಬಿಸಿಲು ನೇರ ಬೀಳದ ಒಂದೇ ಗೋಡೆಗೆ ಇಟ್ಟಿಗೆ ಬಣ್ಣವನ್ನೋ ಸಾಸಿವೆ ಹಳದಿಯನ್ನೋ ಬಳಿದು, ಉಳಿದದ್ದನ್ನು ತಿಳಿಯಾಗಿಟ್ಟರೆ ಹಿರಿಯರ ಮನಸ್ಸೂ ತಣಿಯುತ್ತದೆ, ಕಣ್ಣಿಗೂ ಹಿತ.

ಕೃತಕ ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಬಲ್ಬಿನ ಪೆಟ್ಟಿಗೆಯ ಮೇಲೆ ಅದು ಮುದ್ರಿತವಾಗಿರುತ್ತದೆ. 2700ರಿಂದ 3000 ಕೆಲ್ವಿನ್ ಎಂದರೆ ಹಳೆಯ ತಂತಿ ಬಲ್ಬಿನ ಹೊಂಬೆಳಕು, 4000 ನಡುವಿನದು, 6500 ಎಂದರೆ ನೀಲಿಛಾಯೆಯ ಬಿಳಿ. ನಮ್ಮ ಮನೆಗಳ ಹೆಚ್ಚಿನ ಟ್ಯೂಬ್‌ಲೈಟುಗಳು ಈ ಕೊನೆಯ ಗುಂಪಿನವು. ಅದರಡಿ ಕೆನೆ ಬಣ್ಣ ಹಸಿರಾಗಿ ಸೊರಗುತ್ತದೆ, ತಿಳಿ ಬೂದು ಆಸ್ಪತ್ರೆಯ ನೆನಪು ತರುತ್ತದೆ. ಪೆಟ್ಟಿಗೆಯ ಮೇಲೆ ನೋಡಬೇಕಾದ ಇನ್ನೊಂದು ಅಂಕಿ ಸಿಆರ್‌ಐ. ವಸ್ತುಗಳ ಬಣ್ಣವನ್ನು ಬಲ್ಬು ಎಷ್ಟು ನಿಷ್ಠೆಯಿಂದ ತೋರಿಸುತ್ತದೆ ಎಂಬುದರ ಅಳತೆ ಅದು. ಗರಿಷ್ಠ 100. ಅಡುಗೆಮನೆಗೆ 90 ದಾಟಿದ್ದು ಸಿಕ್ಕರೆ ಒಂದಿಷ್ಟು ಹೆಚ್ಚು ಕೊಟ್ಟಾದರೂ ತರಬೇಕು. ಗೋಡೆಗಷ್ಟೇ ಅಲ್ಲ, ಟೊಮ್ಯಾಟೊ ಹಣ್ಣಾಗಿದೆಯೇ, ಒಗ್ಗರಣೆ ಹೊತ್ತುತ್ತಿದೆಯೇ ಎಂದು ತಿಳಿಯುವುದಕ್ಕೂ ಅದೇ ಬೆಳಕು ತಾನೆ ಆಧಾರ.

ಬೆಳಕು ಬದಲಾದಂತೆ ಜೋಡಿಗಳೂ ಒಡೆಯುತ್ತವೆ. ಅಂಗಡಿಯ ಬೆಳಕಿನಲ್ಲಿ ಲ್ಯಾಮಿನೇಟಿಗೂ ಪೇಂಟಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ ಎನಿಸಿದ್ದರೂ ಮನೆಯ ದೀಪದಡಿ ಅವು ಎರಡು ಬೇರೆ ಬಣ್ಣಗಳಾಗಿ ನಿಲ್ಲುತ್ತವೆ. ಎರಡರಲ್ಲೂ ಬಳಸಿದ ವರ್ಣದ್ರವ್ಯಗಳು ಬೇರೆಯಾಗಿರುವುದರಿಂದ ಹೀಗಾಗುತ್ತದೆ. ಸೀರೆಗೆ ಹೊಂದುವ ರವಿಕೆ ಬಟ್ಟೆ ಆರಿಸುವಾಗ ಅಂಗಡಿಯ ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದು ನೋಡುವ ಹೆಂಗಸರಿಗೆ ಈ ಸತ್ಯ ಹೊಸದೇನಲ್ಲ.

ಕೋಣೆಯ ಗಾತ್ರವೂ ಬಣ್ಣವನ್ನು ಬದಲಿಸುತ್ತದೆ. ಎಂಟಡಿ ಅಗಲದ ಅಡುಗೆಮನೆಯಲ್ಲಿ ಒಂದು ಗೋಡೆಗೆ ಬಿದ್ದ ಬೆಳಕು ಎದುರು ಗೋಡೆಗೆ ಚಿಮ್ಮಿ, ಅಲ್ಲಿಂದ ಮತ್ತೆ ಮರಳುತ್ತದೆ. ಪ್ರತಿ ಸಲವೂ ಅದು ಗೋಡೆಯ ಬಣ್ಣವನ್ನು ಒಂದಿಷ್ಟು ಹೊತ್ತು ತರುತ್ತದೆ. ಹೀಗಾಗಿ ಕಾರ್ಡಿನಲ್ಲಿ ಸೌಮ್ಯವಾಗಿದ್ದ ಗಿಳಿಹಸಿರು ನಾಲ್ಕು ಗೋಡೆಗಳ ನಡುವೆ ಕಣ್ಣಿಗೆ ಚುಚ್ಚುತ್ತದೆ. ಅನುಭವಸ್ಥ ಪೇಂಟರುಗಳು ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದ, ಒಂದು ಚೂರು ಬೂದು ಬೆರೆತ ಬಣ್ಣವನ್ನು ಆರಿಸಲು ಹೇಳುವುದು ಇದಕ್ಕೇ. ಅವರ ಈ ಮಾತನ್ನು ಕೇಳಬೇಕು.

ಆದರೆ ಅವರ ಇನ್ನೊಂದು ಮಾತನ್ನು ಪೂರ್ತಿ ನಂಬುವಂತಿಲ್ಲ. ಮೊದಲ ಕೋಟ್ ಬಿದ್ದಾಗ ಮನೆಯೊಡತಿಯ ಮುಖ ಬಾಡಿದರೆ “ಒಣಗ್ಲಿ ಬಿಡಿ ಮೇಡಂ, ತಿಳಿ ಆಗುತ್ತೆ” ಎಂಬ ಸಮಾಧಾನ ಬರುತ್ತದೆ. ಸುಣ್ಣ ಮತ್ತು ಡಿಸ್ಟೆಂಪರಿನ ಕಾಲದಲ್ಲಿ ಅದು ನಿಜವಾಗಿತ್ತು. ಹಸಿ ಸುಣ್ಣ ಮಸುಕಾಗಿದ್ದು, ನೀರು ಆರಿದಂತೆಲ್ಲ ಬಿಳುಪೇರುತ್ತದೆ. ಈಗಿನ ಅಕ್ರಿಲಿಕ್ ಎಮಲ್ಷನ್ನಿನ ಸ್ವಭಾವ ಅದಕ್ಕೆ ವಿರುದ್ಧ. ಅದರೊಳಗಿನ ಅಂಟು ಹಸಿಯಾಗಿದ್ದಾಗ ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದಾಗ ಪಾರದರ್ಶಕವಾಗುತ್ತದೆ. ಆ ಬಿಳುಪು ಹೋದೊಡನೆ ಬಣ್ಣ ಸಾಮಾನ್ಯವಾಗಿ ಇನ್ನಷ್ಟು ಗಾಢವಾಗುತ್ತದೆ. ಹಸಿಯಲ್ಲೇ ಗಾಢ ಎನಿಸಿದರೆ ಕೈ ತಡೆಯುವುದು ಒಳ್ಳೆಯದು. ಹೊಳಪೂ ಲೆಕ್ಕಕ್ಕೆ ಬರುತ್ತದೆ. ಒಂದೇ ಬಣ್ಣ ಹೊಳಪಿನ ಪೇಂಟಿನಲ್ಲಿ ಆಳವಾಗಿ, ಮ್ಯಾಟ್‌ನಲ್ಲಿ ತಿಳಿಯಾಗಿ ಕಾಣುತ್ತದೆ. ಒರೆಸಿ ತೊಳೆಯಬೇಕಾದ ಅಡುಗೆಮನೆಗೆ ನಡುವಿನ ನಸುಹೊಳಪೇ ಸೂಕ್ತ. ತೀರಾ ಹೊಳಪಾದರೆ ಪುಟ್ಟಿಯ ಉಬ್ಬುತಗ್ಗೆಲ್ಲ ಟ್ಯೂಬ್‌ಲೈಟಿನಡಿ ಎದ್ದು ಕಾಣುತ್ತದೆ.

ಇಷ್ಟೆಲ್ಲ ಅನಿಶ್ಚಯಕ್ಕೆ ಇರುವ ಮದ್ದು ಮಾದರಿ ಹಲಗೆ. ಆರಿಸಿದ ಎರಡು ಮೂರು ಬಣ್ಣಗಳ ಚಿಕ್ಕ ಡಬ್ಬ ತರಿಸಿ, ಎರಡಡಿ ಚೌಕದ ಪ್ಲೈವುಡ್ ತುಂಡಿಗೋ ದಪ್ಪ ರಟ್ಟಿಗೋ ಎರಡು ಕೋಟ್ ಬಳಿಯಬೇಕು. ಹಳೆಯ ಗೋಡೆಯ ಮೇಲೆಯೇ ಪಟ್ಟೆ ಎಳೆದು ನೋಡುವ ರೂಢಿ ಹೆಚ್ಚು ನೆರವಾಗದು. ಸುತ್ತಲ ಹಳೆಯ ಬಣ್ಣ ಕಣ್ಣನ್ನು ಎಳೆಯುತ್ತದೆ. ಹಲಗೆಯಾದರೆ ಅದನ್ನು ಗ್ರಾನೈಟಿನ ಹಿಂದೆ ನಿಲ್ಲಿಸಬಹುದು, ಕಪಾಟಿನ ಪಕ್ಕ ಇಡಬಹುದು, ಕಿಟಕಿಯ ಎದುರಿಗೂ ಕತ್ತಲ ಮೂಲೆಗೂ ಒಯ್ಯಬಹುದು. ಮಲಗಿಸಿ ನೋಡಬಾರದು, ಗೋಡೆಯಂತೆ ನಿಲ್ಲಿಸಿಯೇ ನೋಡಬೇಕು. ಬೆಳಗ್ಗೆ, ಇಳಿಹೊತ್ತು, ರಾತ್ರಿ ದೀಪ ಹಾಕಿದ ಮೇಲೆ, ಈ ಮೂರೂ ಹೊತ್ತಿನಲ್ಲಿ ಮನಸ್ಸಿಗೆ ಹಿಡಿಸಿದರೆ ಮಾತ್ರ ಬಕೆಟ್ಟಿಗೆ ದುಡ್ಡು ಕೊಡಬೇಕು. ಮೊಬೈಲಿನಲ್ಲಿ ಗೋಡೆಗೆ ಬಣ್ಣ ತುಂಬಿ ತೋರಿಸುವ ಆ್ಯಪ್‌ಗಳು ಹಸಿರೋ ನೀಲಿಯೋ ಎಂದು ತೀರ್ಮಾನಿಸುವ ಮಟ್ಟಿಗೆ ಸರಿ. 2015ರಲ್ಲಿ ಒಂದು ಉಡುಪಿನ ಚಿತ್ರ ಲೋಕವೆಲ್ಲ ಹರಿದಾಡಿ, ಅದು ನೀಲಿ-ಕಪ್ಪೋ ಬಿಳಿ-ಚಿನ್ನವೋ ಎಂದು ಜನ ಎರಡು ಪಾಲಾದದ್ದು ಹಲವರಿಗೆ ನೆನಪಿರಬಹುದು. ಪರದೆಯ ಬಣ್ಣವನ್ನು ಎಷ್ಟು ನಂಬಬೇಕೆಂಬುದಕ್ಕೆ ಆ ಚಿತ್ರ ಸಾಕು.

ಇಷ್ಟು ಎಚ್ಚರ ವಹಿಸಿಯೂ ಬಣ್ಣ ಕೆಟ್ಟರೆ? ತಕ್ಷಣ ಪೇಂಟಿಗೆ ಕೈ ಹಾಕುವ ಮುಂಚೆ ಬಲ್ಬು ಬದಲಿಸಿ ನೋಡಬೇಕು. 6500 ಕೆಲ್ವಿನ್ ತೆಗೆದು 4000 ಹಾಕಿದರೆ ಎಷ್ಟೋ ಹಸಿರುಗಟ್ಟಿದ ಕೆನೆ ಬಣ್ಣಗಳು ಮತ್ತೆ ಜೀವ ತಳೆಯುತ್ತವೆ. ಆಮೇಲೆ ನೆರೆಯನ್ನು ಗಮನಿಸಬೇಕು. ಮೇಲ್ಛಾವಣಿ ಹಳೆಯದಾಗಿ ಹಳದಿಗಟ್ಟಿದ್ದರೆ ಅದರಿಂದ ಮರಳುವ ಬೆಳಕೆಲ್ಲ ಹಳದಿ. ಅದಕ್ಕೊಂದು ಹೊಸ ಬಿಳಿ ಕೋಟ್ ಬಿದ್ದರೆ ಗೋಡೆಯ ಬಣ್ಣ ತಾನಾಗಿ ಸರಿಹೋಗುವುದುಂಟು. ಅಡುಗೆಮನೆ ಒಡೆದು ಕಟ್ಟಿದಾಗ ಪೈಪು, ವೈರುಗಳಿಗಾಗಿ ಗೋಡೆ ಕೊರೆದು ಸಿಮೆಂಟಿನಿಂದ ಮುಚ್ಚಿದ ಜಾಗಗಳದ್ದು ಬೇರೆಯೇ ಕತೆ. ಹೊಸ ಸಿಮೆಂಟು ಪೇಂಟನ್ನು ಹೆಚ್ಚು ಹೀರುತ್ತದೆ, ಅದರ ಕ್ಷಾರ ಕೆಲವು ವರ್ಣದ್ರವ್ಯಗಳನ್ನು ಬಿಳಿಚಿಸುತ್ತದೆ. ಅಲ್ಲಿ ಬಣ್ಣ ತೇಪೆತೇಪೆಯಾಗಿ ಕಂಡರೆ ಮೂರನೇ ಕೋಟಿನಿಂದ ಲಾಭವಿಲ್ಲ. ತೇಪೆ ಪೂರ್ತಿ ಒಣಗಲು ನಾಲ್ಕು ವಾರವಾದರೂ ಬಿಟ್ಟು, ಪುಟ್ಟಿ ಹಚ್ಚಿ, ಪ್ರೈಮರ್ ಕೊಟ್ಟ ಮೇಲೆಯೇ ಬಣ್ಣ ಸಮನಾಗುವುದು.

ಬಣ್ಣವನ್ನೇ ತಿದ್ದಬೇಕಾಗಿ ಬಂದಾಗ ಪೇಂಟರ್ ಚೀಲದಿಂದ ಸ್ಟೇನರ್ ಬಾಟಲಿ ತೆಗೆಯುತ್ತಾನೆ. ಅದು ಸಾರಿಗೆ ಹಾಕುವ ಉಪ್ಪಿನ ಹಾಗೆ: ಸೇರಿಸಬಹುದು, ತೆಗೆಯಲಾಗದು. ಗಾಢವಾದ ಬಣ್ಣವನ್ನು ತಿಳಿ ಮಾಡಲು ಬಿಳಿ ಸುರಿಯುತ್ತ ಹೋದರೆ ಒಂದು ಬಕೆಟ್ ಪೇಂಟ್ ಮೂರು ಬಕೆಟ್ ಆದೀತೇ ಹೊರತು ಬೇಕಾದ ಛಾಯೆ ಸಿಗುವುದು ಕಷ್ಟ. ಹಾಗಿದ್ದಲ್ಲಿ ಹೊಸ ಬಿಳಿ ಬೇಸಿನಿಂದ ಶುರುಮಾಡಿ ಹಳೆಯದನ್ನು ಅದಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸುವುದು ವಾಸಿ. ಛಾಯೆಯ ದೋಷವಾದರೆ ಎದುರು ಬಣ್ಣದ ಹನಿ ಸಾಕು. ಗುಲಾಬಿಗೆ ತಿರುಗಿದ್ದಕ್ಕೆ ಹಸಿರು, ಹಸಿರುಗಟ್ಟಿದ್ದಕ್ಕೆ ಕೆಮ್ಮಣ್ಣಿನಂಥ ರೆಡ್ ಆಕ್ಸೈಡ್. ಅಬ್ಬರದ ಹಳದಿಯನ್ನು ತಗ್ಗಿಸಲು ಕಪ್ಪು ಬೆರೆಸುವವರು ಬಹಳ, ಆದರೆ ಹಳದಿಗೆ ಕಪ್ಪು ಸೇರಿದರೆ ಆಗುವುದು ಪಾಚಿ ಹಸಿರು. ಅಲ್ಲಿ ಬೇಕಾದದ್ದು ಚೂರು ಕಂದು. ಬಿಳಿಗೆ ಕಪ್ಪು ಮಾತ್ರ ಬೆರೆಸಿ ಬೂದು ಮಾಡಿದರೆ ಅದು ನೀಲಿಯತ್ತ ಓಡುತ್ತದೆ, ಹಾಗಾಗಿ ಒಂದು ಹನಿ ಹಳದಿಯೂ ಇರಲಿ. ಪ್ರಯೋಗ ನಡೆಯಬೇಕಾದದ್ದು ಲೋಟದಷ್ಟು ಪೇಂಟಿನಲ್ಲಿ. ಪ್ರತಿ ಸಲ ಕಾಗದಕ್ಕೆ ಹಚ್ಚಿ, ಪೂರ್ತಿ ಒಣಗಿಸಿ ನೋಡಿ, ಹನಿಗಳ ಲೆಕ್ಕ ಬರೆದಿಟ್ಟುಕೊಂಡು ಆಮೇಲೆ ಬಕೆಟ್ಟಿಗೆ ಹೋಗಬೇಕು. ಸ್ಟೇನರ್ ಅತಿಯಾದರೆ ಪೇಂಟ್ ಸರಿಯಾಗಿ ಒಣಗದೆ, ಒರೆಸಿದಾಗ ಬಟ್ಟೆಗೆ ಅಂಟುತ್ತದೆ. ಒಂದೇ ಬಣ್ಣದ ಎರಡು ಮೂರು ಡಬ್ಬಗಳಿದ್ದರೆ ಎಲ್ಲವನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿಕೊಂಡೇ ಬಳಿಯುವುದು ಕ್ಷೇಮ. ಬೇರೆ ಬೇರೆ ದಿನ ಬೆರೆಸಿದ ಡಬ್ಬಗಳ ನಡುವಿನ ಕಿರುವ್ಯತ್ಯಾಸ ಗೋಡೆಯ ನಡುವೆ ಗೆರೆಯಾಗಿ ಕಾಣದಿರಲಿ.

ಅಡುಗೆಮನೆಯ ಬಣ್ಣಕ್ಕೆ ಕಣ್ಣಿನ ಸೊಗಸಿನಾಚೆಗೂ ಕಾರಣಗಳಿದ್ದ ಉದಾಹರಣೆ ಜರ್ಮನಿಯದು. 1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್‌ಕಿ ಫ್ರಾಂಕ್‌ಫರ್ಟಿನ ಕಾರ್ಮಿಕ ವಸತಿಗಳಿಗಾಗಿ ಒಂದು ಪುಟ್ಟ ಅಡುಗೆಮನೆ ರೂಪಿಸಿದಳು. ಅಗಲ 1.9 ಮೀಟರ್, ಉದ್ದ 3.4 ಮೀಟರ್. ಇಂದಿನ ಮಾಡ್ಯುಲರ್ ಕಿಚನ್ನಿನ ಪೂರ್ವಜ ಅದು. ಸುಮಾರು 10,000 ಮನೆಗಳಲ್ಲಿ ಅದನ್ನು ಅಳವಡಿಸಿದರು. ಅದರ ಕಪಾಟುಗಳಿಗೆ ನೀಲಿ ಬಳಿದಿದ್ದರು. ನೀಲಿಯ ಮೇಲೆ ನೊಣ ಕೂರುವುದಿಲ್ಲವೆಂಬುದು ಆಗಿನ ನಂಬಿಕೆ.

ನಮ್ಮ ಅಡುಗೆಮನೆಯ ಶತ್ರುಗಳು ಎಣ್ಣೆ ಮತ್ತು ಅರಿಶಿನ. ಒಗ್ಗರಣೆಯ ಹೊಗೆ ಗೋಡೆಗೆ ಜಿಡ್ಡಾಗಿ ಕೂರುತ್ತದೆ. ಆ ಜಿಡ್ಡನ್ನು ಸೋಡ ನೀರಿನಿಂದ ತೊಳೆದು, ಒಣಗಿಸಿ, ಉಪ್ಪುಕಾಗದದಲ್ಲಿ ಉಜ್ಜದೆ ಹೊಸ ಬಣ್ಣ ಬಳಿದರೆ ಕೆಲವೇ ತಿಂಗಳಲ್ಲಿ ಹಳದಿ ಮಚ್ಚೆ ಮೇಲೆ ಬರುತ್ತದೆ, ಇಲ್ಲವೇ ಪೇಂಟ್ ಸಿಪ್ಪೆಯಾಗಿ ಏಳುತ್ತದೆ. ಅರಿಶಿನದ ಕಲೆ ಬಿಸಿಲಿಗೆ ಮಾಸುತ್ತದೆ. ಕಿಟಕಿಯ ಬಳಿಯ ಕಲೆಯನ್ನು ತಿಕ್ಕಿ ಪೇಂಟ್ ಕೀಳುವ ಬದಲು ಕೆಲವು ದಿನ ಬಿಸಿಲಿಗೇ ಬಿಡಬಹುದು. ಮರದ ಕಪಾಟಿಗೆ ಬಳಿದ ಬಿಳಿ ಆಯಿಲ್ ಪೇಂಟಿನದ್ದು ಇದಕ್ಕೆ ತಿರುಗುಮುರುಗು: ಬೆಳಕು ಬೀಳದ ಕಡೆ, ಫ್ರಿಜ್ಜಿನ ಹಿಂದೆ, ಕಪಾಟಿನ ಒಳಗೆ, ಅದು ತಾನಾಗಿ ಹಳದಿಯಾಗುತ್ತದೆ. ಕತ್ತಲ ಮೂಲೆಯಲ್ಲೂ ಬಿಳಿ ಬಿಳಿಯಾಗಿಯೇ ಇರಬೇಕೆಂದರೆ ನೀರಿನಲ್ಲಿ ಬೆರೆಯುವ ಎನಾಮೆಲ್ ಒಳ್ಳೆಯದು.

ಹಳೆಯ ಪೇಂಟ್ ಕೆರೆಯುವಾಗ ಒಂದು ಮಾತನ್ನು ಮರೆಯಬಾರದು. ಹಿಂದಿನ ಎನಾಮೆಲ್‌ಗಳಲ್ಲಿ, ಅದರಲ್ಲೂ ಉಜ್ವಲ ಹಳದಿ ಮತ್ತು ಕೇಸರಿಗಳಲ್ಲಿ, ಸೀಸದ ಸಂಯುಕ್ತ ಬಳಸುತ್ತಿದ್ದರು. ಮನೆಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದೆಂಬ ಕೇಂದ್ರ ಸರ್ಕಾರದ ನಿಯಮ 2016ರಲ್ಲಿ ಹೊರಟು, 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರಂಥವರು ಸೀಸದ ವಿಷದ ಬಗ್ಗೆ ವರ್ಷಗಟ್ಟಲೆ ಎಚ್ಚರಿಸುತ್ತ ಬಂದಿದ್ದರು. ಆ ನಿಯಮಕ್ಕಿಂತ ಹಳೆಯ ಬಾಗಿಲು, ಕಪಾಟುಗಳನ್ನು ಒಣದಾಗಿ ಉಜ್ಜಿ ದೂಳೆಬ್ಬಿಸಬಾರದು. ನೀರು ಹಾಕಿ ಉಜ್ಜಬೇಕು, ಮಕ್ಕಳು ಮತ್ತು ಬಸುರಿಯರು ಆ ದಿನಗಳಲ್ಲಿ ಮನೆಯಲ್ಲಿ ಇರಬಾರದು, ಪಾತ್ರೆ-ದಿನಸಿಗಳೆಲ್ಲ ಹೊರಗೆ ಹೋಗಿರಬೇಕು.

ಕೆಲಸ ಮುಗಿದ ಮೇಲೆ ಉಳಿದ ಅರ್ಧ ಲೀಟರ್ ಪೇಂಟನ್ನು ಗಾಳಿಯಾಡದ ಚಿಕ್ಕ ಡಬ್ಬಕ್ಕೆ ಸುರಿದು, ಟಿಂಟಿಂಗ್ ಮೆಷಿನ್ ಕೊಟ್ಟ ಚೀಟಿಯನ್ನು ಅದರ ಮೇಲೆಯೇ ಅಂಟಿಸಿ ಅಟ್ಟದಲ್ಲಿಟ್ಟರೆ ಮುಂದೆ ಉಪಯೋಗಕ್ಕೆ ಬರುತ್ತದೆ. ಬಣ್ಣದ ಸಂಖ್ಯೆ, ಯಾವ ಬೇಸ್, ಯಾವ ಹೊಳಪು, ಎಷ್ಟು ಹನಿ ಸ್ಟೇನರ್ ಸೇರಿಸಿದ್ದು, ಬಳಿದ ತಿಂಗಳು, ಎಲ್ಲವೂ ಅದರಲ್ಲಿರಲಿ. ವರ್ಷ ಕಳೆದ ಮೇಲೆ ಕುಕ್ಕರಿನ ಸೀಟಿಗೆ ಬೇಳೆ ಸಿಡಿದು ಗೋಡೆ ಕಲೆಯಾದಾಗ ಆ ಡಬ್ಬದಿಂದ ಮಚ್ಚೆಯಷ್ಟಕ್ಕೇ ಹಚ್ಚಿದರೆ ಹೊಸ ತೇಪೆ ಎದ್ದು ಕಾಣುತ್ತದೆ, ಏಕೆಂದರೆ ಗೋಡೆಯ ಬಣ್ಣ ಅಷ್ಟರಲ್ಲಿ ಬೆಳಕು ಮತ್ತು ಹೊಗೆಗೆ ತುಸು ಬದಲಾಗಿರುತ್ತದೆ. ಆ ಗೋಡೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಪೂರ್ತಿ ಬಳಿಯಬೇಕು. ಮೂಲೆಯಲ್ಲಿ ಬೆಳಕು ಹೇಗೂ ತಿರುಗುವುದರಿಂದ ಪಕ್ಕದ ಗೋಡೆಯ ವ್ಯತ್ಯಾಸ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ.